ಮೂಗಿನ ಸಾಕ್ಷಿ

ಅವನು ಹುಟ್ಟುವಾಗ ಮೂಗು ಬೆಳಗಿನ ಜಾವಕ್ಕೇ ಬಂದಿತ್ತು, ಉಳಿದ ಮಗು ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಸೂಲಗಿತ್ತಿ ತಾನು ಸಾಯುವವರೆಗೂ ಇದನ್ನು ಹೇಳಿಕೊಂಡು ತಿರುಗಿದಳು. ಅವಳ ಮಾತಿನಲ್ಲಿ ಸಾಸಿವೆಕಾಳಿನಷ್ಟೂ ಉತ್ಪ್ರೇಕ್ಷೆ ಇರಲಿಲ್ಲ. ಮೂರು ಬೀದಿಯಾಚೆ ಯಾರ ಮನೆಯಲ್ಲಿ ಹಾಲು ಉಕ್ಕಿತು, ಯಾರ ಮನೆಯಲ್ಲಿ ಗಂಡ ಹೆಂಡಿರು ಜಗಳವಾಡಿ ಒಲೆಯನ್ನೇ ಹಚ್ಚಿಲ್ಲ ಎಂಬುದನ್ನು ಕುರ್ಚಿ ಬಿಟ್ಟು ಏಳದೆ ಹೇಳಬಲ್ಲ ಮೂಗು ಅದು. ಸಾಬೂನಿನ ಕಾರ್ಖಾನೆ ಅದಕ್ಕೆಂದೇ ಸಂಬಳ ಕೊಟ್ಟು, ಮೂಗಿನ ಹಿಂದೆ ನಡೆದು ಬರುವ ಮನುಷ್ಯನನ್ನೂ ದಾಕ್ಷಿಣ್ಯಕ್ಕೆ ಸೇರಿಸಿಕೊಂಡಿತ್ತು. ಜಗತ್ತಿನ ಅರ್ಧ ಜನ ಯಾವ ಪರಿಮಳ ಹಚ್ಚಿಕೊಂಡು ಮೈ ತೊಳೆಯಬೇಕೆಂದು ಈ ಮೂಗೇ ತೀರ್ಮಾನಿಸುತ್ತಿತ್ತು. ಉಳಿದರ್ಧ ಜನ ಸ್ನಾನ ಮಾಡುವವರಲ್ಲ. ಕಾರ್ಖಾನೆಯಲ್ಲಿ ಅವನಿಗೆ ಮೂಗುರಾಯ ಎಂದು ಹೆಸರು. ಎದುರಿಗೆ ಗೌರವದಿಂದ ರಾಯರೇ ಎನ್ನುತ್ತಿದ್ದರು. ಸಾಬೂನಿನ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಮೂರು ಚಿಕ್ಕ ಉಸಿರು ಎಳೆದುಕೊಳ್ಳುವುದು, ಆಮೇಲೆ ಅಂಗಿಯ ತೋಳು ಸರಿಸಿ ತನ್ನ ಮೊಣಕೈಯ ಒಳಮಡಿಕೆಯನ್ನು ಒಮ್ಮೆ ಮೂಸುವುದು, ಮತ್ತೆ ಮುಂದಿನ ಬಿಲ್ಲೆ. ಒಂದು ವಾಸನೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಮೂಗು ತನ್ನ ಮನೆಗೆ ಹೋಗಿ ಬರಬೇಕು, ಮೂಗಿನ ಮನೆ ಎಂದರೆ ತನ್ನದೇ ಚರ್ಮ ಎಂದು ಅವನು ಹೊಸಬರಿಗೆ ಹೇಳಿಕೊಡುತ್ತಿದ್ದ. ಹೊಸಬರು ಮೂಗಿನ ಮೇಲೆ ಬೆರಳಿಟ್ಟು ಕೇಳುತ್ತಿದ್ದರು.

ಇಂಥ ಮೂಗುರಾಯ ಇವತ್ತು ಬೆಳಿಗ್ಗೆ ಹಬೆಯಾಡುವ ಕಡಾಯಿಗಳ ಪಕ್ಕದ ಕೋಣೆಯಲ್ಲಿ ನಿಂತುಕೊಂಡು ಮಾನ ಕಳೆದುಕೊಂಡ. ಹೊಟ್ಟೆ ದಪ್ಪಗಿನ ಮೇಲ್ವಿಚಾರಕ ಮೂರು ತುಂಡುಗಳನ್ನು ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟಿದ್ದ. ಮೊದಲನೆಯದನ್ನು ಮೂಸಿ ಅವನು "ಸರಿ ಇದೆ" ಅಂದ. ಎರಡನೆಯದಕ್ಕೆ "ಸ್ವಲ್ಪ ಕಮಟು" ಅಂದ. ಮೂರನೆಯದನ್ನು ಮೂಗಿನ ಹತ್ತಿರ ತಂದವನು ಥಟ್ಟನೆ ದೂರ ಹಿಡಿದ. "ಇದರಲ್ಲಿ ಏನೋ ಸತ್ತಿದೆ" ಎಂದು ಹೇಳಿ, ಹೇಳಿದ ಮೇಲೆ ಆ ಮಾತು ಎಲ್ಲಿಂದ ಬಂತೆಂದು ನೆನಪಾಗಿ ಮುಖ ತಿರುಗಿಸಿದ.

"ಮೂರೂ ಒಂದೇ ಬಿಲ್ಲೆ ರಾಯರೇ," ಅಂದ ಮೇಲ್ವಿಚಾರಕ. "ನಾನೇ ಚಾಕು ಹಾಕಿ ಕುಯ್ದು ತಂದೆ. ಹೋದ ವಾರ ವಾಪಸ್ ಕಳಿಸಿದ್ರಲ್ಲ ಅಷ್ಟೂ ಮಾಲು, ಅದರಲ್ಲೂ ಏನೂ ಇರ್ಲಿಲ್ಲ." ಪೆಟ್ಟಿಗೆ ಕಟ್ಟುವ ಹೆಂಗಸರು ತಲೆ ತಗ್ಗಿಸಿ ತಮ್ಮ ಪೆಟ್ಟಿಗೆಗಳೊಳಗೆ ನಕ್ಕರು. ಆ ನಗು ಕಡಾಯಿಯ ಕುದಿಯನ್ನೂ ಮೀರಿಸಿ ಇಡೀ ಕಾರ್ಖಾನೆಯ ತಗಡಿನ ಚಾವಣಿಯನ್ನು ನಡುಗಿಸಿತು ಎಂದೇ ಅವನಿಗೆ ಅನಿಸಿತು. "ಮಧ್ಯಾಹ್ನ ಆಸ್ಪತ್ರೆಗೆ ಹೋಗ್ಬೇಕು ಅಂದಿದ್ರಲ್ಲ, ಈಗಲೇ ಹೊರಡಿ. ಮನೆಯವರನ್ನ ತೋರಿಸೋವಾಗ ಹಾಗೇ ಇದನ್ನೂ ತೋರಿಸ್ಕೊಂಡು ಬನ್ನಿ," ಎಂದು ಮೇಲ್ವಿಚಾರಕ ತನ್ನ ಮೂಗನ್ನು ತಾನೇ ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದ. ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಇದ್ದಿದ್ದರೆ ಜಗಳವಾಡಿಯಾದರೂ ಹಗುರಾಗಬಹುದಿತ್ತು.

ಬಸ್ಸಿನಲ್ಲಿ ಕೂತ ಮೇಲೂ ಬೆರಳುಗಳಲ್ಲಿ ಸಾಬೂನಿನ ಜಿಡ್ಡು ಉಳಿದಿತ್ತು. ಇವತ್ತು ಹೆಂಡತಿಯ ಎದೆಯ ಮೇಲಿನ ಕೊನೆಯ ಪಟ್ಟಿ ಬಿಚ್ಚುತ್ತಾರೆ. ಡಾಕ್ಟರು ನೋಡುತ್ತಾರೆ, ಏನೋ ಹೇಳುತ್ತಾರೆ. ಆಮೇಲೆ ಅವಳು ತನ್ನ ಕಡೆಗೆ ತಿರುಗಿ ಕೇಳಬಹುದು. ಕೇಳದೆಯೂ ಇರಬಹುದು, ಅದಕ್ಕೇ ಅವನಿಗೆ ಹೆಚ್ಚು ಹೆದರಿಕೆ. ಒಂದೇ ಸಾಬೂನಿಗೆ ಮೂರು ತೀರ್ಪು ಕೊಟ್ಟ ಮೂಗು ಅವಳಿಗೆ ಏನೆಂದು ಉತ್ತರ ಕೊಟ್ಟೀತು? ಮೂಗು ಕೆಡುವುದಿಲ್ಲ, ಅದನ್ನು ಹೊತ್ತವನು ಕೆಡುತ್ತಾನೆ ಎಂದು ಅವನ ಗುರು, ಕಾರ್ಖಾನೆಯ ಹಿಂದಿನ ಮೂಗು, ಹೇಳುತ್ತಿದ್ದ. ಮುಂದಿನ ಸೀಟಿನವನ ಕುತ್ತಿಗೆಯಿಂದ ಬೆವರು, ಎಣ್ಣೆ, ಹಳೆಯ ಉಣ್ಣೆ ಬಟ್ಟೆಯ ವಾಸನೆ ಬರುತ್ತಿತ್ತು. ಅದರೊಳಗೂ ಅವನು ಆ ಸತ್ತ ವಾಸನೆಯನ್ನೇ ಹುಡುಕಿದ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ.

ಅವಳಿಗೆ ವಾಸನೆ ತಿಳಿಯುತ್ತಿರಲಿಲ್ಲ. ವರ್ಷಗಳ ಹಿಂದೆ ಎಡಗಡೆಯ ಎದೆ ತೆಗೆದಾಗ ಕೊಟ್ಟ ಔಷಧಿಗಳು ಅವಳ ತಲೆಗೂದಲನ್ನು ವಾಪಸ್ಸು ಕೊಟ್ಟವು, ಮೂಗನ್ನು ಮಾತ್ರ ಇಟ್ಟುಕೊಂಡವು. "ಹೋದ್ರೆ ಹೋಗ್ಲಿ ಬಿಡಿ, ನಮ್ಮನೇಲಿ ಇರೋ ಒಂದು ಮೂಗೇ ಹತ್ತು ಮನೆಗೆ ಆಗುತ್ತೆ," ಎಂದು ಅವಳು ನಕ್ಕಿದ್ದಳು. ಅಂದಿನಿಂದ ಮನೆಯಲ್ಲಿ ಒಂದು ಪದ್ಧತಿ ಬೆಳೆಯಿತು. ಬೆಳಿಗ್ಗೆ ಹಾಲಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಅವನ ಮುಂದೆ ಚಾಚಿ "ಇದು?" ಎನ್ನುತ್ತಿದ್ದಳು. ಅವನು ಮೂಸಿ "ಆಯ್ತು" ಎಂದರೆ ಹಾಲು ಒಲೆಗೆ, ಇಲ್ಲದಿದ್ದರೆ ಮೋರಿಗೆ. ಗ್ಯಾಸಿನ ಕೊಳವೆ, ಮಡಿಸಿಟ್ಟ ಚಾದರ, ಕಟ್ಟೆಯಡಿಯ ಆಲೂಗಡ್ಡೆ, ಮಳೆಗಾಲದ ಚಪ್ಪಲಿ, ಎಲ್ಲವನ್ನೂ ಅವಳು ಅವನ ಮುಂದೆ ಚಾಚಿ, ತೀರ್ಪು ಬರುವವರೆಗೆ ಹಾಗೇ ನಿಲ್ಲುತ್ತಿದ್ದಳು. ಒಂದೇ ಒಂದು ಸಲವೂ ಎರಡನೆಯ ಮಾತು ಕೇಳಿದವಳಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಗಂಡಹೆಂಡಿರು ಮಾತನಾಡಿಕೊಳ್ಳಲು ಏನಾದರೂ ಬೇಕಲ್ಲ. ಅವರು ದಿನಕ್ಕೆ ನೂರು ಸಲ, ಬೇಕಾದರೆ ಸಾವಿರ ಅನ್ನಿ, ಈ ಒಂದು ಮಾತನ್ನೇ ಆಡಿಕೊಂಡು ಸುಖವಾಗಿದ್ದರು. ಆಮೇಲೆ ಹಳೆಯ ಗಾಯದ ಗೆರೆಯ ಮೇಲೆ ಗಂಟುಗಳೆದ್ದವು. ಕಾಯಿಲೆ ಶ್ವಾಸಕೋಶಕ್ಕೂ ಹೋಗಿದೆ ಎಂದು ಡಾಕ್ಟರು ಹೇಳಿದರು. ಗಂಟುಗಳು ಕೂಡಿಕೊಂಡು ಒಂದಾಗಿ, ಅಂಗೈಯಗಲವಾಗಿ, ಒಂದು ದಿನ ಒಡೆದುಕೊಂಡವು. ಅವಳು ರವಿಕೆ ಸರಿಸಿ, ಹಾಲಿನ ಪಾತ್ರೆ ಚಾಚಿದಂತೆಯೇ ಎದೆ ಚಾಚಿ ನಿಂತು, "ಇದು?" ಎಂದಳು.

ಅವನು ಮೂಸಬೇಕಾಗಿಯೇ ಇರಲಿಲ್ಲ. ಬಾಗಿಲಿಂದಲೇ ಅದು ಬಂದು ಮುಖಕ್ಕೆ ಹೊಡೆದಿತ್ತು. ಆದರೂ ಕಣ್ಣು ಮುಚ್ಚಿ, ಉಸಿರು ಎಳೆದಂತೆ ಮಾಡಿ, "ಏನೂ ಇಲ್ಲ ಕಣೆ. ಬರೀ ಔಷಧಿ ವಾಸನೆ," ಅಂದ. ಅವಳು ರವಿಕೆಯ ಗುಂಡಿ ಹಾಕಿಕೊಂಡು ಅಡುಗೆಮನೆಗೆ ಹೋದಳು. ಹಾಡು ಗುನುಗುತ್ತ ಹೋದಳು. ಆ ಗುನುಗು ಅವನಿಗೆ ಎಷ್ಟು ಹಿತವಾಗಿತ್ತೆಂದರೆ, ಮಾರನೆಯ ದಿನವೂ ಅದನ್ನೇ ಹೇಳಿದ, ಅದರ ಮಾರನೆಯ ದಿನವೂ. ಮೊದಲ ದಿನ ಅದು ಪ್ರೀತಿ. ಆಮೇಲಿನದಕ್ಕೆ ಏನು ಹೆಸರೆಂದು ಅವನು ಈವರೆಗೂ ತಿಳಿದಿಲ್ಲ. ಕಾರ್ಖಾನೆಯಿಂದ ನಿಂಬೆಹುಲ್ಲಿನ ಎಣ್ಣೆಯ ಚಿಕ್ಕ ಸೀಸೆಯೊಂದನ್ನು ತಂದು, ಕೋಣೆಗೆ ಹೋಗುವ ಮುನ್ನ ಮೇಲ್ದುಟಿಗೆ ಒಂದು ಹನಿ ಸವರಿಕೊಳ್ಳುತ್ತಿದ್ದ. ವಾಸನೆ ತಿಳಿಯದವಳನ್ನು ಮೋಸ ಮಾಡುವುದು ಎಷ್ಟು ಸುಲಭ! ಕುರುಡನ ಮುಂದೆ ಹಲ್ಲು ಕಿರಿದ ಹಾಗೆ. ಬೆನ್ನುನೋವೆಂದು ಹೇಳಿ ಹಾಸಿಗೆಯನ್ನು ಹಾಲಿಗೆ ಒಯ್ದ. "ಅಲ್ಲಿ ನೆಲ ಗಟ್ಟಿ, ಬೆನ್ನಿಗೆ ಒಳ್ಳೇದು," ಎಂದು ಅವಳೇ ಚಾದರ ಝಾಡಿಸಿ ಹಾಸಿಕೊಟ್ಟಳು. ಆಸ್ಪತ್ರೆಗೆ ಹೋಗುವ ದಿನ ಬಂದಾಗ, "ಹುಣ್ಣು ಕೆಟ್ಟಿದ್ರೆ ತಾನೆ ಹೋಗೋದು? ಕೆಟ್ಟಿಲ್ಲ ಅಂತ ನೀವೇ ಹೇಳ್ತಿದೀರಲ್ಲ," ಎಂದಳು. ಅವನು ಹೌದು ಎಂದು ತಲೆಯಾಡಿಸಿದ. ಆ ತಲೆಯಾಡಿಸಿದ್ದು ಇವತ್ತೂ, ಬಸ್ಸು ಗುಂಡಿಗಿಳಿದು ಏಳುವಾಗಲೆಲ್ಲ, ಅವನ ಕುತ್ತಿಗೆಯಲ್ಲಿ ಮತ್ತೆ ಮತ್ತೆ ಆಗುತ್ತಿತ್ತು.

ಆ ದಿನಗಳಲ್ಲೇ ಅವಳ ಅಕ್ಕನ ಮನೆಯಲ್ಲಿ ಮೊಮ್ಮಗುವಿನ ಹುಟ್ಟಿದ ದಿನ ಬಂತು. ಹೊಸ ಸೀರೆ ಉಟ್ಟು ಹೊರಟವಳು ಬಾಗಿಲಲ್ಲಿ ನಿಂತು ಕೇಳಿದಳು: "ನಿಜ ಹೇಳಿ. ಜನರ ಮಧ್ಯೆ ಹೋಗ್ತಿದೀನಿ. ಏನಾದ್ರೂ ಇದೆಯಾ?" ಆಗಲಾದರೂ ಹೇಳಬಹುದಿತ್ತು. ಹೊಸಿಲ ಒಳಗೆ ಅವಳು, ಹೊರಗೆ ಅವನು, ನಡುವೆ ಒಂದು ಮಾತಿನ ಜಾಗ. "ಸುಮ್ನೆ ಬಾ, ಬಸ್ಸು ಹೋಗುತ್ತೆ," ಅಂದ. ಅಲ್ಲಿ ಊಟವಾದ ಮೇಲೆ ಎಲ್ಲರೂ ಸೇರಿ ಫೋಟೋ ತೆಗೆಸಿಕೊಳ್ಳಲು ನಿಂತರು. ಅವಳನ್ನು ಮಧ್ಯದ ಕುರ್ಚಿಯಲ್ಲಿ ಕೂರಿಸಿದರು, ಕಾಯಿಲೆಯವಳೆಂಬ ಮರ್ಯಾದೆಗೆ. ಫೋಟೋ ತೆಗೆಯುವವನು "ಹತ್ತಿರ ಬನ್ನಿ, ಇನ್ನೂ ಹತ್ತಿರ" ಎಂದು ಕೂಗಿ ಕೂಗಿ ಗಂಟಲು ಹರಿದುಕೊಂಡ. ಜನ ಹಿಂದಿನಿಂದ ಹತ್ತಿರವಾದರು, ಅಂಚಿನಿಂದ ಹತ್ತಿರವಾದರು. ಅವಳ ಎರಡು ಪಕ್ಕಗಳಲ್ಲಿ ಮಾತ್ರ ಒಂದು ಎತ್ತಿನಗಾಡಿ ಹಾಯುವಷ್ಟು ಜಾಗ ಹಾಗೇ ಉಳಿಯಿತು. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಳ್ಳುವಂತೆ ಮಾಡುತ್ತ ಸೆರಗನ್ನು ಅಲ್ಲೇ ಬಿಟ್ಟುಕೊಂಡಿದ್ದಳು. ಆಗ ಹುಟ್ಟುಹಬ್ಬದ ಆ ಪುಟ್ಟ ಹುಡುಗಿ, ಗಾಜಿನ ಮಣಿಯಂಥ ಸ್ವರದಲ್ಲಿ, "ಅಜ್ಜೀ, ಚಿಕ್ಕಜ್ಜಿ ಹತ್ರ ಇಲಿ ಸತ್ತಿದೆ," ಎಂದಿತು.

ಅಕ್ಕ ಮಗುವಿನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಯಾರೋ ಜೋರಾಗಿ ಕೆಮ್ಮಿದರು. ಅವಳು ಮಗುವನ್ನು ನೋಡಲಿಲ್ಲ, ಅಕ್ಕನನ್ನೂ ನೋಡಲಿಲ್ಲ. ಕುರ್ಚಿಯಲ್ಲೇ ಮೆಲ್ಲಗೆ ತಿರುಗಿ, ಗುಂಪಿನ ಕೊನೆಯಲ್ಲಿ ನಿಂತಿದ್ದ ಅವನನ್ನು ನೋಡಿದಳು. ಕೋಪವಿರಲಿಲ್ಲ. ಹಾಲಿನ ಪಾತ್ರೆ ಚಾಚಿ ತೀರ್ಪಿಗೆ ಕಾಯುವಾಗಿನ ಮುಖವೇ ಅದು. ಅವನು ತನ್ನ ಚಪ್ಪಲಿಯ ಪಟ್ಟಿ ನೋಡತೊಡಗಿದ. ಭೂಮಿಯ ಮೇಲಿನ ಎಲ್ಲ ಚಪ್ಪಲಿಗಳ ಪಟ್ಟಿಗಳನ್ನೂ ಅವನು ಆ ಒಂದು ಗಳಿಗೆಯಲ್ಲಿ ನೋಡಿ ಮುಗಿಸಿದ.

ವಾಪಸ್ಸು ಬರುವಾಗ ಅವಳು ಕಿಟಕಿ ಪಕ್ಕ ಕೂತು ಗಾಜು ಪೂರ್ತಿ ಸರಿಸಿದಳು. ಚಳಿಗಾಳಿ ನುಗ್ಗಿತು. ಹಿಂದಿನವರು ಗೊಣಗಿದರೂ ಮುಚ್ಚಲಿಲ್ಲ. ಮಾರನೆಯ ಬೆಳಿಗ್ಗೆ ಅವನು ಹಲ್ಲುಜ್ಜಿ ಬರುವಷ್ಟರಲ್ಲಿ ಹಾಲು ಒಲೆಯ ಮೇಲಿತ್ತು. ಚಾಚಿರಲಿಲ್ಲ, ಕೇಳಿರಲಿಲ್ಲ. ಒಡೆದ ಹಾಲನ್ನೇ ಕಾಯಿಸಿ, ಒಡೆದಿದ್ದು ಕಣ್ಣಿಗೆ ಕಂಡ ಮೇಲೆ ಚೆಲ್ಲಿದಳು. ಅಂದಿನಿಂದ ಪ್ಯಾಕೆಟ್ಟಿನ ಮೇಲಿನ ತಾರೀಖನ್ನು ಕನ್ನಡಕ ಹಾಕಿಕೊಂಡು ಓದುವುದು ಅವಳ ರೂಢಿಯಾಯಿತು. ಅವನ ಮೂಗಿಗಿಂತ ಪ್ಲಾಸ್ಟಿಕ್ಕಿನ ಮೇಲಿನ ಅಳಿಸಿದ ಅಕ್ಷರ ಹೆಚ್ಚಾಯಿತು.

ಆ ವಾರವೇ ಅವಳು ತಾನಾಗಿ ಆಸ್ಪತ್ರೆಗೆ ಹೊರಟಳು. ಅವನು ಬಾಲದಂತೆ ಹಿಂದೆ ಹೋದ. ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ಪಟ್ಟಿ ಬಿಚ್ಚಿ ನೋಡಿ, "ಅಮ್ಮಾ, ಇಷ್ಟು ದಿನ ಯಾಕೆ ಬರಲಿಲ್ಲ? ಇದು ವಾಸನೆ ಬರೋಕೆ ಶುರುವಾಗಿ ತಿಂಗಳುಗಳೇ ಆಗಿರಬೇಕಲ್ಲ," ಎಂದರು. ಅವನು ಗೋಡೆಯ ಮೇಲಿನ ಕೈ ತೊಳೆಯುವ ಚಿತ್ರದಲ್ಲಿ ಮುಖ ಹುದುಗಿಸಿದ.

"ನಂಗೆ ಮೂಗಿಲ್ಲ ಡಾಕ್ಟ್ರೇ," ಅಂದಳು ಅವಳು. "ನಮ್ಮನೆಯವರಿಗೆ ನೆಗಡಿಯಾಗಿತ್ತು."

ಡಾಕ್ಟರು ಅವನನ್ನೊಮ್ಮೆ ನೋಡಿ, ಪೆನ್ನಿನ ಮುಚ್ಚಳ ಕಚ್ಚಿಕೊಂಡು ಬರೆಯತೊಡಗಿದರು. ಅವಳು ಕಪಾಳಕ್ಕೆ ಹೊಡೆದಿದ್ದರೆ ಅವನು ಹೊಡೆಸಿಕೊಂಡು ನಿಲ್ಲುತ್ತಿದ್ದ. ಅವಳು ಅವನ ಮಾನ ಮುಚ್ಚಿದ್ದಳು. ಆ ಹೊದಿಕೆಯಡಿ ಅವನಿಗೆ ಉಸಿರು ಕಟ್ಟಿತು.

ಹೊಸ ಚಿಕಿತ್ಸೆಯ ಮಾತು ಬಂದಿದ್ದು ಆವತ್ತೇ. ಇನ್ನೂ ಪರೀಕ್ಷೆಯ ಹಂತದಲ್ಲಿದೆ, ಒಪ್ಪಿಗೆಯಿದ್ದರೆ ಮಾತ್ರ ಎಂದು ಡಾಕ್ಟರು ಹೇಳಿದರು. ಗಡ್ಡೆಗೆ ಕ್ಯಾಲ್ಸಿಯಂ ನೀರನ್ನು ಚುಚ್ಚುವುದು, ಮೂಳೆಗೆ ಒಳ್ಳೆಯದೆಂದು ಜನ ಹಾಲು ಕುಡಿಯುತ್ತಾರಲ್ಲ, ಆ ಹಾಲಿನೊಳಗಿನ ಕ್ಯಾಲ್ಸಿಯಂ. ಆಮೇಲೆ ಸೂಜಿಗಳನ್ನು ಒತ್ತಿ, ರೆಪ್ಪೆ ಬಡಿಯುವುದರ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ಕರೆಂಟು ಕೊಡುವುದು. "ಕರೆಂಟು ತಾಗಿದ ಕೂಡ್ಲೆ ಜೀವಕೋಶದ ಗೋಡೆಯಲ್ಲಿ ಸಣ್ಣ ಸಣ್ಣ ತೂತು ಬೀಳುತ್ತೆ ಅಮ್ಮಾ. ಕ್ಯಾಲ್ಸಿಯಂ ಒಳಗೆ ನುಗ್ಗುತ್ತೆ. ಕೋಶಕ್ಕೆ ಅಷ್ಟೊಂದು ಬೇಡ. ಹೊರಗೆ ತಳ್ಳೋಕೆ ಶುರು ಮಾಡುತ್ತೆ. ತಳ್ಳಿ ತಳ್ಳಿ ಇರೋ ಶಕ್ತಿಯೆಲ್ಲಾ ಖರ್ಚಾಗಿ, ಸುಸ್ತಾಗಿ ಸತ್ತೇ ಹೋಗುತ್ತೆ. ಪಕ್ಕದಲ್ಲಿರೋ ಒಳ್ಳೇ ಕೋಶಗಳು ಗೋಡೆ ರಿಪೇರಿ ಮಾಡ್ಕೊಂಡು ಹೆಚ್ಚುಕಮ್ಮಿ ಸುಧಾರಿಸ್ಕೊಳ್ಳುತ್ವೆ."

"ಬಾಗಿಲು ಮುರಿದು ನೆಂಟರು ನುಗ್ಗಿದ ಹಾಗೆ," ಅಂದಳು ಅವಳು. "ನಮ್ಮಕ್ಕನ ಮನೆಯವರೆಲ್ಲ ಬಂದಾಗ ನಾನೂ ಹಾಗೇ ಸಾಯ್ತೀನಿ."

ಡಾಕ್ಟರು ನಕ್ಕರು. ಆಮೇಲೆ ನಗು ನಿಲ್ಲಿಸಿ, ಇದು ಒಳಗಿನ ಕಾಯಿಲೆಗಲ್ಲ, ಶ್ವಾಸಕೋಶದಲ್ಲಿರುವುದು ಇದ್ದೇ ಇರುತ್ತದೆ, ಇದು ಈ ಹುಣ್ಣಿಗೆ, ರಕ್ತಕ್ಕೆ, ವಾಸನೆಗೆ ಮಾತ್ರ ಎಂದರು. "ಎಷ್ಟು ದಿನ ಬದುಕ್ತೀನಿ ಅಂತ ನಾನು ಕೇಳ್ತಿಲ್ಲ," ಅಂದಳು. "ಬಸ್ಸಲ್ಲಿ ನನ್ನ ಪಕ್ಕ ಜನ ಕೂತ್ಕೋಬೇಕು. ಅಷ್ಟು ಮಾಡಿಕೊಡಿ, ಸಾಕು." ಅವನು ಮಾತ್ರ ಡಾಕ್ಟರ ಹಿಂದಿನ ಮಾತಲ್ಲೇ ಸಿಕ್ಕಿಕೊಂಡಿದ್ದ. ಬೇಡದ್ದು ಒಳಗೆ ನುಗ್ಗುವುದು, ಅದನ್ನು ಹೊರಗೆ ತಳ್ಳಿ ತಳ್ಳಿ ಸುಸ್ತಾಗುವುದು. ಇದನ್ನು ಯಾರೂ ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೇಲ್ದುಟಿಯ ಮೇಲೆ ಎಣ್ಣೆ ಸವರಿಕೊಂಡು ಉಸಿರು ಬಿಗಿಹಿಡಿದು ಅವಳ ಪಕ್ಕ ಕೂತಿದ್ದ ಅಷ್ಟೂ ಸಂಜೆಗಳು ಒಟ್ಟಿಗೇ ಅವನ ಮೈಮೇಲೆ ಬಂದವು.

ಚಿಕಿತ್ಸೆಯ ದಿನ ಅವನಿಗೂ ನೀಲಿ ನಿಲುವಂಗಿ ತೊಡಿಸಿ ಮೂಲೆಯಲ್ಲಿ ನಿಲ್ಲಿಸಿದರು. ಯಂತ್ರ ಎಂದರೆ ಮನೆ ನಡುಗಿಸುವ ರಾಕ್ಷಸ ಎಂದುಕೊಂಡಿದ್ದ. ನೋಡಿದರೆ ಹೊಲಿಗೆ ಮಿಷನ್ನಿನಷ್ಟು ಪೆಟ್ಟಿಗೆ, ಅದರಿಂದೊಂದು ವೈರು, ವೈರಿನ ತುದಿಗೆ ಬಾಚಣಿಗೆಯ ಹಲ್ಲುಗಳಂಥ ಸೂಜಿಗಳ ಹಿಡಿಕೆ. ಜಾಗ ಮರಗಟ್ಟಿಸಿ, ಕ್ಯಾಲ್ಸಿಯಂ ಚುಚ್ಚಿದರು. ಅವನು ಅವಳ ಕೈ ಹಿಡಿಯಲು ಹೋದಾಗ, "ಬಿಡಿ, ಈಗ ಮುಟ್ಟಬೇಡಿ. ಕರೆಂಟಿಗೆ ಮೈ ಎಗರುತ್ತೆ," ಎಂದರು ಡಾಕ್ಟರು. ಪೆಟ್ಟಿಗೆ ಕೀಂ ಎಂದಿತು. ಅವಳ ಭುಜ ತಾನಾಗಿ ಮೇಲೆದ್ದು ಬಿತ್ತು. ಮತ್ತೆ ಕೀಂ. ಪ್ರತಿ ಪೆಟ್ಟಿಗೂ ಅವಳ ಎಡಗೈ ಬೆರಳುಗಳು ಯಾರನ್ನೋ ಕರೆಯುವಂತೆ ಮಡಚಿ ಬಿಡಿಸಿಕೊಳ್ಳುತ್ತಿದ್ದವು. ಬೇಕೆಂದು ಮಾಡುತ್ತಿದ್ದುದಲ್ಲ, ಸ್ನಾಯುಗಳ ಕೆಲಸ ಎಂದು ಅವನಿಗೂ ಗೊತ್ತಿತ್ತು. ಆದರೂ ಪ್ರತಿ ಸಲ ಒಂದು ಹೆಜ್ಜೆ ಮುಂದಿಟ್ಟ, ಪ್ರತಿ ಸಲ ನರ್ಸು ಮೊಣಕೈಯಿಂದ ಹಿಂದಕ್ಕೆ ಸರಿಸಿದಳು. ಒಲೆಯ ಮೇಲೆ ಹಾಲು ಕಾಯುವಷ್ಟು ಹೊತ್ತಿನಲ್ಲಿ ಎಲ್ಲ ಮುಗಿಯಿತು. ಹೊರಗೆ ಬಂದ ಮೇಲೆ "ನೋವಾಯ್ತಾ?" ಎಂದು ಕೇಳಿದ. "ಒಳಗೆ ಯಾರೋ ಬಾಗಿಲು ಒದ್ದ ಹಾಗಾಯ್ತು," ಎಂದಳು, ನರ್ಸಿನ ಕಡೆ ನೋಡಿಕೊಂಡು.

ಇವತ್ತಿನ ಬಸ್ಸು ಆಸ್ಪತ್ರೆಯ ಗೇಟಿನ ಮುಂದೆ ಅವನನ್ನು ಉದುರಿಸಿ ಹೋಯಿತು. ಅವಳು ಮೊದಲೇ ಬಂದು ಕಾಯುವ ಹಜಾರದಲ್ಲಿ ಗೋಡೆಗೆ ಅಂಟಿಕೊಂಡ ಕೊನೆಯ ಕುರ್ಚಿಯಲ್ಲಿ ಕೂತಿದ್ದಳು. ಈಗೀಗ ಎಲ್ಲಿ ಹೋದರೂ ಹುಡುಕಿ ಅಂಥದೇ ಕುರ್ಚಿ ಹಿಡಿಯುತ್ತಾಳೆ. "ಬೇಗ ಬಿಟ್ರಾ?" ಎಂದಳು. "ಕೆಲಸ ಕಡಿಮೆ ಇತ್ತು," ಎಂದ. ಸುಳ್ಳು ಹೇಳುವುದು ನಾಲಿಗೆಗೆ ಎಷ್ಟು ಅಭ್ಯಾಸವಾಗಿ ಹೋಗಿದೆ ಎಂದು ಹೇಳಿದ ಮೇಲೆ ಬೆಚ್ಚಿದ. "ಇಲ್ಲ. ಒಂದೇ ಸಾಬೂನಿಗೆ ಮೂರು ಮಾತು ಹೇಳಿ ನಗೆಪಾಟಲಾದೆ. ಕಳಿಸಿಬಿಟ್ರು." ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಒಳಗಿನಿಂದ ಕರೆದರು.

ಡಾಕ್ಟರು ಪಟ್ಟಿಯ ಅಂಚನ್ನು ನೀರು ಹಚ್ಚಿ ನೆನೆಸಿ ಬಿಡಿಸಿದರು. ವಾರಗಳ ಹಿಂದೆ ಅಲ್ಲಿ ಸುಟ್ಟ ರೊಟ್ಟಿಯಂಥ ಕರಿ ಹಕ್ಕಳೆ ಕಟ್ಟಿತ್ತು. ಅದು ಅಂಚಿನಿಂದ ಎದ್ದು ಎದ್ದು ಉದುರಿ ಹೋಗಿ, ಈಗ ತೆಳುವಾದ, ಮಿನುಗುವ, ನಸುಗೆಂಪು ಚರ್ಮ ಮಾತ್ರ ಇತ್ತು, ಈಗಷ್ಟೇ ಹುಟ್ಟಿದ ಯಾವುದೋ ಪ್ರಾಣಿಯ ಹೊಟ್ಟೆಯಂತೆ. "ಅಬ್ಬಾ!" ಎಂದರು ಡಾಕ್ಟರು, ತಮ್ಮ ಕೆಲಸಕ್ಕೆ ತಾವೇ ದಂಗಾಗಿ. "ಎಲ್ಲರಿಗೂ ಇಷ್ಟು ಚೆನ್ನಾಗಿ ಆಗಲ್ಲ ಅಮ್ಮಾ. ಪೂರ್ತಿ ಒಣಗಿದೆ. ರಕ್ತ ಇಲ್ಲ, ವಾಸನೆ ಇಲ್ಲ. ಇನ್ನೆಲ್ಲಾದ್ರೂ ಗಂಟು ಗಿಂಟು ಕೈಗೆ ಸಿಕ್ತಾ?" "ಇಲ್ಲ," ಅಂದಳು ಅವಳು, ಸೆರಗು ಬಿಗಿಯಾಗಿ ಹೊದ್ದುಕೊಂಡು. ಬೇಗನೆ ಹೇಳಿದಳು. ಅವನು ಅದನ್ನು ಗಮನಿಸಲಿಲ್ಲ. ಸಂತೋಷ ಅವನ ಕಿವಿಗಳನ್ನು ಮುಚ್ಚಿತ್ತು. ಹಜಾರಕ್ಕೆ ಬಂದ ಮೇಲೆ ಅವನೇ ಕೇಳಿದ: "ಕೇಳಿದೆಯಲ್ಲ? ವಾಸನೆ ಇಲ್ವಂತೆ."

"ಅವರು ಎರಡೆರಡು ಮಾಸ್ಕ್ ಹಾಕ್ಕೊಂಡಿದ್ರು."

ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಯಾರೋ ಎದ್ದು ಅವಳಿಗೆ ಕಿಟಕಿಯ ಸೀಟು ಕೊಟ್ಟರು. ಅವಳ ಪಕ್ಕದ ಜಾಗ ಖಾಲಿಯಾದಾಗ ಅವನು ಕೂರಲಿಲ್ಲ, ಬೇಕೆಂದೇ ಕಂಬ ಹಿಡಿದು ನಿಂತು ನೋಡಿದ. ಒಬ್ಬಳು ಭಾರೀ ಹೆಂಗಸು, ಎರಡು ಚೀಲ, ಒಂದು ಪೊರಕೆ ಸಮೇತ ಬಂದು ಧೊಪ್ಪೆಂದು ಕೂತಳು. ಕೂತ ಹೊಡೆತಕ್ಕೆ ಬಸ್ಸು ಒಂದು ಪಕ್ಕಕ್ಕೆ ವಾಲಿತು ಎಂದರೆ ನಂಬಬೇಕು. ಎರಡು ನಿಲ್ದಾಣ ದಾಟುವುದರೊಳಗೆ ಆ ಹೆಂಗಸಿಗೆ ನಿದ್ದೆ ಹತ್ತಿ, ತಲೆ ವಾಲುತ್ತ ವಾಲುತ್ತ ಬಂದು ಅವಳ ಎಡಭುಜದ ಮೇಲೆ ನಿಂತಿತು. ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ, ಹುಣ್ಣಿದ್ದ ಜಾಗದಿಂದ ಒಂದು ಗೇಣು ದೂರದಲ್ಲಿ ಮೂಗಿಟ್ಟು ಮಲಗಿತ್ತು ಆ ತಲೆ. ಅವಳು ಕಲ್ಲಿನಂತೆ ಅಲುಗದೆ ಕೂತಿದ್ದಳು. ಕಣ್ಣು ಕಿಟಕಿಯಾಚೆ. ಕೈ ಮಾತ್ರ ನಿಧಾನವಾಗಿ ಮೇಲೆದ್ದು, ಆ ಹೆಂಗಸಿನ ಜಾರುತ್ತಿದ್ದ ಪೊರಕೆಯನ್ನು ಹಿಡಿದುಕೊಂಡಿತು. ಅವನಿಗೆ ಎದೆ ತುಂಬಿ ಬಂದು ಕೂಗಬೇಕೆನಿಸಿತು. ಇಳಿದು ನಡೆಯುವಾಗ, "ನೋಡಿದೆಯಾ?" ಎಂದ.

"ಪಾಪ," ಅಂದಳು. "ಅವರಿಗೂ ನೆಗಡಿ ಇರ್ಬೇಕು."

ಅವನು ಬೀದಿಯ ನಡುವೆ ನಿಂತುಬಿಟ್ಟ. ಅವಳು ಚುಚ್ಚಲು ಹೇಳಿದ್ದಲ್ಲ. ಹೇಳಿ ಮುಂದೆ ನಡೆಯುತ್ತಲೇ ಇದ್ದಳು, ಎಡಗೈಯನ್ನು ಎದೆಗೆ ಅಡ್ಡ ಹಿಡಿದು, ಎದುರು ಬರುವವರಿಗೆ ದಾರಿ ಬಿಟ್ಟು ಗೋಡೆಯ ಪಕ್ಕಕ್ಕೆ ಸರಿಯುತ್ತ. ಹುಣ್ಣು ಹೋಗಿತ್ತು, ಅವಳು ಮಾತ್ರ ಅದರ ಸುತ್ತಲೇ ನಡೆಯುತ್ತಿದ್ದಳು. ಇನ್ನು ಉಳಿದ ದಿನಗಳನ್ನೂ, ಅವೆಷ್ಟೇ ಇರಲಿ, ಹೀಗೇ ಗೋಡೆ ಹಿಡಿದು ನಡೆದು ಮುಗಿಸುತ್ತಾಳೆ. ಒಂದು ಮಾತು, ಅವನ ಬಾಯಿಂದ, ಅವಳು ನಂಬುವಂಥದ್ದು ಬಂದರೆ ಆ ಕೈ ಕೆಳಗಿಳಿದೀತು. ಆದರೆ ಆ ಮಾತಿನ ಬಾಯಿಗೆ ಅವನೇ ಮಣ್ಣು ಹಾಕಿದ್ದ.

ಮನೆಗೆ ಬಂದ ಮೇಲೆ ಸಂಜೆಯ ಬೆಳಕು ಅಡುಗೆಮನೆಯ ಕಟ್ಟೆಯ ಮೇಲೆ ಬಿದ್ದಿತ್ತು. ಬೆಳಿಗ್ಗೆಯ ಹಾಲು ಪಾತ್ರೆಯಲ್ಲಿ ಮುಚ್ಚಿಟ್ಟಂತೆಯೇ ಇತ್ತು. ಅವನು ಕೈ ತೊಳೆದ, ಸಾಬೂನಿಲ್ಲದೆ ಬರಿ ನೀರಿನಲ್ಲಿ. ಅಂಗಿಯ ತೋಳು ಮಡಚಿದ. "ಕೂತ್ಕೋ," ಅಂದ.

"ಏನು?"

"ನಾನು ನೋಡ್ತೀನಿ."

"ಬೇಡ ಬಿಡಿ ರೀ. ಡಾಕ್ಟ್ರು ಹೇಳಿದ್ರಲ್ಲ."

"ಡಾಕ್ಟ್ರು ಮಾತು ನೀನು ನಂಬ್ಲಿಲ್ಲ."

"ನಿಮ್ಮ ಮಾತು ನಂಬ್ತೀನಿ ಅಂತ ಯಾರು ಹೇಳಿದ್ರು?" ಎಂದಳು. ಆದರೂ ಸ್ಟೂಲು ಎಳೆದು ಕೂತು, ಗೋಡೆಯ ಕಡೆ ಮುಖ ತಿರುಗಿಸಿ ರವಿಕೆ ಬಿಚ್ಚಿದಳು.

ಅವನು ಮೊದಲು ತನ್ನ ಮೊಣಕೈಯ ಮಡಿಕೆಯನ್ನು ಮೂಸಿದ. ಅಲ್ಲಿ ಅವನೇ ಇದ್ದ, ಮುದುಕನಾಗುತ್ತಿರುವ, ಬೆವರಿದ, ಹೆದರಿದ ಒಬ್ಬ. "ಅದೆಲ್ಲಾ ಮಾಡೋಕೆ ಯಾರಿಗೆ ಬೇಕಾದ್ರೂ ಬರುತ್ತೆ," ಎಂದಳು ಅವಳು, ನೋಡದೆಯೇ. ಅವನು ಮಂಡಿಯೂರಿ ಬಗ್ಗಿದ. ಮೂರು ಚಿಕ್ಕ ಉಸಿರು. ಏನೂ ಇರಲಿಲ್ಲ. ನಿಜವಾಗಿಯೂ ಏನೂ ಇರಲಿಲ್ಲ. ಆ ಏನೂ ಇಲ್ಲದರ ಕೆಳಗಿನಿಂದ, ತುಂಬ ದೂರದಿಂದ ಬರುವವರಂತೆ, ಅವಳ ಮೈಯ ಹಳೆಯ ವಾಸನೆ ಮೆಲ್ಲಗೆ ಬಂತು. ಬಿಸಿಲಿಗೆ ಹಾಕಿ ಒಳಗೆ ತಂದ ಹತ್ತಿ ಬಟ್ಟೆಯ ವಾಸನೆ, ಮದುವೆಯಾದ ಹೊಸದರಲ್ಲಿ ಅವನ ಈ ಜಗದ್ವಿಖ್ಯಾತ ಮೂಗನ್ನು ಮೂರು ದಿನ ಕೆಲಸಕ್ಕೆ ಹೋಗಗೊಡದ ವಾಸನೆ. ಅವನ ಕಣ್ಣಲ್ಲಿ ನೀರು ಬಂತು. ಈಗ ಎದ್ದು "ಏನೂ ಇಲ್ಲ" ಎಂದರೆ ಅದು ಸತ್ಯ. ಅದು ಅದೇ ಮಾತು, ಅಷ್ಟೂ ತಿಂಗಳು ಹೇಳಿದ ಅದೇ ಎರಡು ಶಬ್ದ. ಅವಳಿಗೆ ಎರಡರ ನಡುವಿನ ವ್ಯತ್ಯಾಸ ತಿಳಿಯುವ ಬಗೆ ಯಾವುದು?

ಏಳಲು ಹೊರಟವನು ಏಳಲಿಲ್ಲ. ಬಲಗಡೆಯಿಂದ, ಕಂಕುಳಿನ ಕಡೆಯಿಂದ, ಆ ಸತ್ತ ವಾಸನೆಯ ಒಂದು ಎಳೆ. ನೂಲಿಗಿಂತ ಸಪೂರ. ಇನ್ನಾವ ಮೂಗಿಗೂ ಸಿಗದಷ್ಟು, ಇನ್ನೊಂದು ತಿಂಗಳವರೆಗೆ ಯಾರಿಗೂ ಸಿಗದಷ್ಟು ಸಪೂರ. ಅವನು ಮೊಣಕೈಗೆ ಹೋಗಿ ಬಂದ. ಮತ್ತೆ ಮೂಸಿದ. ಮತ್ತೆ ಹೋಗಿ ಬಂದ. ಬೆಳಗಿನ ಸಾಬೂನಿನಂತೆ ಇದೂ ತನ್ನ ಭ್ರಮೆಯಾಗಿರಲಿ ಎಂದು ಕಾದ. ಎಳೆ ಅಲ್ಲೇ ಇತ್ತು. ಹೇಳದಿದ್ದರೆ ಅವಳು ಈ ಒಂದು ತಿಂಗಳು ಗುನುಗಿಕೊಂಡು ಇರುತ್ತಾಳೆ ಎಂದು ಹಳೆಯ ನಾಲಿಗೆ ಒಳಗಿನಿಂದ ಹೇಳಿತು. ಬಹಳ ಪ್ರೀತಿಯಿಂದ ಹೇಳಿತು.

"ಎಡಗಡೆ ಏನೂ ಇಲ್ಲ," ಅಂದ. "ಬಲಗಡೆ ಇದೆ ಕಣೆ. ಕಂಕುಳ ಕೆಳಗೆ. ಶುರುವಾಗಿದೆ."

ಗೋಡೆಯ ಮೇಲಿನ ಬೆಳಕು ಸ್ವಲ್ಪ ಮೇಲಕ್ಕೆ ಹೋಯಿತು. ಆಮೇಲೆ ಅವಳ ಬೆನ್ನು, ಇಷ್ಟು ಹೊತ್ತು ಬಿಲ್ಲಿನಂತೆ ಬಿಗಿದಿದ್ದುದು, ಒಂದೇ ಸಲ ಸಡಿಲವಾಯಿತು.

"ಗೊತ್ತು," ಅಂದಳು. "ಹೋದ ವಾರ ಸ್ನಾನ ಮಾಡೋವಾಗ ಬೆರಳಿಗೆ ಸಿಕ್ತು. ಬಟಾಣಿಯಷ್ಟಿದೆ. ತುದಿ ಒದ್ದೆ."

"ಮತ್ತೆ ಡಾಕ್ಟ್ರಿಗೆ ಯಾಕೆ ಹೇಳ್ಲಿಲ್ಲ?"

"ನೀವು ಹೇಳ್ತೀರೋ ಇಲ್ವೋ ನೋಡೋಣ ಅಂತ."

ಅವನು ನೆಲದ ಮೇಲೆ ಹಾಗೇ ಕೂತುಬಿಟ್ಟ. ಅವಳು ತನ್ನ ಎಡ ಎದೆಯಿದ್ದ ಜಾಗದ ಮೇಲೆ, ಆ ಹೊಸ ಚರ್ಮದ ಮೇಲೆ, ಅಂಗೈ ಇಟ್ಟುಕೊಂಡಳು. ಮುಚ್ಚಲು ಅಲ್ಲ, ಮುಟ್ಟಿ ನೋಡಲು. "ಹಾಗಾದ್ರೆ ಇದು ಹೋಗಿದ್ದು ನಿಜ," ಎಂದಳು. ತನಗೇ ಹೇಳಿಕೊಂಡಳು. ರವಿಕೆ ಹಾಕಿಕೊಳ್ಳುತ್ತ, "ನಾಳೆ ಹೋಗಿ ಹೇಳೋಣ. ಅದಕ್ಕೂ ಬಾಗಿಲು ಒದೀಲಿ," ಎಂದು ನಕ್ಕಳು. ನಗುವಿನ ಕೊನೆ ನಗುವಾಗಿ ಉಳಿಯಲಿಲ್ಲ. ಅವನು ಅವಳ ಪಾದಗಳನ್ನು ಹಿಡಿದುಕೊಂಡಿದ್ದ. ಬಿಡಿ ಎಂದು ಈ ಸಲ ಯಾರೂ ಹೇಳಲಿಲ್ಲ.

ಕತ್ತಲಾಗುವ ಮುನ್ನ ಅವಳು ಎದ್ದು ಮುಖ ತೊಳೆದುಕೊಂಡಳು. ಒಲೆಯ ಹತ್ತಿರ ಹೋಗಿ, ಮುಚ್ಚಳ ತೆಗೆದು, ಹಾಲಿನ ಪಾತ್ರೆಯನ್ನು ಇಕ್ಕಳದಲ್ಲಿ ಎತ್ತಿಕೊಂಡು ಬಂದಳು. ಪ್ಯಾಕೆಟ್ಟು ಕಟ್ಟೆಯ ಮೇಲೇ ಬಿದ್ದಿತ್ತು, ಕನ್ನಡಕವೂ ಅದರ ಪಕ್ಕದಲ್ಲಿತ್ತು. ಅವಳು ಎರಡನ್ನೂ ನೋಡಲಿಲ್ಲ. ನೆಲದ ಮೇಲೆ ಕೂತಿದ್ದ ಅವನ ಮುಖದ ಮುಂದೆ ಪಾತ್ರೆ ಚಾಚಿ ನಿಂತಳು.

"ಇದು?"

ಅವನು ಮೊಣಕೈ ಮೂಸಿಕೊಂಡು, ಪಾತ್ರೆಯ ಮೇಲೆ ಬಗ್ಗಿದ.

"ಕೆಟ್ಟಿದೆ," ಅಂದ.

ಅವಳು ಎರಡನೆಯ ಮಾತು ಕೇಳದೆ ಹೋಗಿ ಮೋರಿಗೆ ಚೆಲ್ಲಿದಳು.